ಫ್ರೆಂಚ್ ಕಾರು: ಗುಣವೆಷ್ಟು, ಅಪವಾದವೆಷ್ಟು?

ನಮ್ಮ ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಈಚೆಗೆ ಡೊಂಬಿವಲಿಯ ಮನೆಗೆ ಬಂದಿದ್ದಾಗ, ಭಾನುವಾರದ ಊಟ ಸಾರು ಮುಗಿದು ಮಜ್ಜಿಗೆಗೆ ಬರುವ ಹೊತ್ತಿಗೆ ಮೆಲ್ಲಗೆ ವಿಷಯ ತೆಗೆದಳು. ಕಾರು ಕೊಳ್ಳಬೇಕಂತೆ. ತನ್ನದೇ ಸಂಬಳ, ತನ್ನದೇ ಸಾಲ, ಐದು ವರ್ಷದ ಕಂತು. ಅಪ್ಪನಿಂದ ಒಂದು ಪೈಸೆಯೂ ಬೇಡ, ಒಪ್ಪಿಗೆ ಮಾತ್ರ ಸಾಕು.

"ಯಾವ ಗಾಡಿ?" ಎಂದರು ನಮ್ಮವರು. ಅವಳು ಒಂದು ಫ್ರೆಂಚ್ ಕಂಪನಿಯ ಹೆಸರು ಹೇಳಿದಳು.

"ಫ್ರೆಂಚ್ ಗಾಡಿಯೇ? ಬೇಡ ಪುಟ್ಟಿ. ಅವರ ಗಾಡಿ ನೋಡೋಕೆ ಚೆಂದ, ಇಟ್ಟುಕೊಳ್ಳೋಕೆ ಕಷ್ಟ."

ಸಂಜೆ ಮೇಲಿನ ಮನೆಯ ಕಾಕಾ ಬಂದವರು "ರೀಸೇಲ್ ಬರೋದಿಲ್ಲ" ಎಂದರು. ರಾತ್ರಿ ಊರಿನಿಂದ ಫೋನ್ ಮಾಡಿದ ನನ್ನ ಅಣ್ಣ, "ಸ್ಪೇರ್ ಪಾರ್ಟ್ಸ್ ಸಿಗೋದಿಲ್ಲ ಕಣೇ" ಎಂದ. ನಾನು ಮೂವರಿಗೂ ಒಂದೇ ಪ್ರಶ್ನೆ ಹಾಕಿದೆ: ನೀವು ಯಾವತ್ತಾದರೂ ಒಂದು ಫ್ರೆಂಚ್ ಕಾರು ಇಟ್ಟುಕೊಂಡಿದ್ದಿರಾ? ಇಲ್ಲ. ಓಡಿಸಿದ್ದಿರಾ? ಅದೂ ಇಲ್ಲ. ಮತ್ತೆ ಹೇಗೆ ಗೊತ್ತು? "ಎಲ್ಲರೂ ಹೇಳುತ್ತಾರೆ!"

ಈ 'ಎಲ್ಲರೂ' ಎನ್ನುವವರು ಯಾರೆಂದು ಹುಡುಕಲು ಹೊರಟವಳು ನಾನು. ಸೌಟು ಹಿಡಿಯುವ ಕೈಗೆ ಸ್ಪ್ಯಾನರ್ ಏಕೆ ಎಂದು ನಗಬೇಡಿ. ಮೂವತ್ತು ವರ್ಷಗಳ ಹಿಂದೆ ಇಂಗ್ಲಿಷ್ ಬಿ.ಎ. ಮಾಡಿದ್ದು ಬರೀ ಗೋಡೆಗೆ ಹಾಕಿದ ಫೋಟೋಕ್ಕಲ್ಲ ಎಂದು ಒಮ್ಮೆಯಾದರೂ ತೋರಿಸಬೇಡವೇ? ಎರಡು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಓದಿದೆ. ನಿಮ್ಮಲ್ಲೂ ಹಲವರು ಮೊದಲ ಕಾರಿನ ಲೆಕ್ಕಾಚಾರದಲ್ಲಿ ಇರುವವರೇ ಆದ್ದರಿಂದ ಅದನ್ನು ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಹೆಸರುಗಳ ವಿಚಾರ. ಫ್ರೆಂಚ್ ಪದದ ಕೊನೆಯ ಅಕ್ಷರವನ್ನು ನಂಬಬಾರದು ಎಂದು ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಾವು ರೆನಾಲ್ಟ್ ಎನ್ನುವುದು ಅವರಿಗೆ ರೆನೊ. ಪ್ಯೂಜೊ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿ ಓದಲು ಹೋದರೆ ನಾಲಿಗೆ ಹೊರಳುವುದಿಲ್ಲ. ಆದರೆ ನಾವು ದಿನವೂ ಆಡುವ ಗ್ಯಾರೇಜ್, ಷೋಫರ್, ಚಾಸಿ, ಕಾರ್ಬುರೇಟರ್, ಆಟೊಮೊಬೈಲ್ ಎಲ್ಲ ಫ್ರೆಂಚ್ ಮಾತುಗಳೇ. ಷೋಫರ್ ಎಂದರೆ ಬೆಂಕಿ ಕಾಯಿಸುವವನು. ಗಾಡಿಗಳು ಹಬೆಯಿಂದ ಓಡುತ್ತಿದ್ದ ಕಾಲದ ಮಾತು ಅದು. ಒಂದು ಕಸುಬಿನ ಮಾತುಗಳೆಲ್ಲ ಒಂದೇ ಭಾಷೆಯಿಂದ ಬಂದಿದ್ದರೆ ಆ ಕಸುಬು ಅಲ್ಲಿ ಬೆಳೆಯಿತು ಎಂದೇ ಅರ್ಥ. ಕಾರನ್ನು ಕಂಡುಹಿಡಿದವರು ಜರ್ಮನರು ಎಂದು ಪಠ್ಯದಲ್ಲಿ ಓದಿದ್ದೇವೆ, ಸರಿ. ಇಂಜಿನ್ನು ಮುಂದೆ, ಚಾಲಕ ಅದರ ಹಿಂದೆ, ಶಕ್ತಿ ಹಿಂದಿನ ಚಕ್ರಕ್ಕೆ ಎಂಬ ರೂಪವನ್ನು 1891ರಲ್ಲಿ ಕೊಟ್ಟದ್ದು ಮಾತ್ರ ಫ್ರಾನ್ಸಿನ ಪನ್ಹಾರ್ ಕಂಪನಿ. ಹತ್ತಾರು ವರ್ಷ ಜಗತ್ತಿನ ಕಾರುಗಳೆಲ್ಲ ಬಹುಮಟ್ಟಿಗೆ ಹಾಗೆಯೇ ಇದ್ದವು. 1903ರಲ್ಲಿ ಲೋಕದಲ್ಲಿ ತಯಾರಾದ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಸುಮಾರು 30,000, ಫ್ರಾನ್ಸಿನವು. ಆಗ ಫ್ರೆಂಚ್ ಕಾರು ಎಂದರೆ ಒಳ್ಳೆಯ ಕಾರು ಎಂದೇ ಮಾತು. ಪ್ಯೂಜೊ ಮನೆತನದವರು ಗರಗಸ, ಕಾಫಿ ಬೀಜ ಪುಡಿ ಮಾಡುವ ಯಂತ್ರ, ಸೈಕಲ್ ಮಾಡಿಕೊಂಡಿದ್ದು ಆಮೇಲೆ ಕಾರಿಗೆ ಬಂದವರು. ಅವರ ಸಿಂಹದ ಗುರುತು ಮೊದಲು ಇದ್ದದ್ದು ಗರಗಸದ ಅಲಗಿನ ಮೇಲೆ.

ಹಾಗಿದ್ದರೆ ಹೆಸರು ಕೆಟ್ಟದ್ದು ಯಾವಾಗ? ಒಂದೇ ದಿನದಲ್ಲಲ್ಲ. ಓದುತ್ತಾ ಹೋದಂತೆ ನನಗೆ ಅವರ ಸ್ವಭಾವವೇ ಒಂದು ಕಂಡಿತು: ಹಣ್ಣಾಗುವ ಮೊದಲೇ ಮಾವನ್ನು ಕೊಯ್ದು ಸಂತೆಗೆ ತರುವುದು. ಜಾತಿ ಮಾವೇ, ಸಂದೇಹವಿಲ್ಲ. ಆದರೆ ಮೊದಲು ಕೊಂಡವನಿಗೆ ಹುಳಿ.

ಆಂದ್ರೆ ಸಿಟ್ರೊಯೆನ್ ಎಂಬಾತನ ಕಥೆ ನೋಡಿ. ಪ್ರಚಾರದಲ್ಲಿ ಎತ್ತಿದ ಕೈ. 1925ರಿಂದ 1934ರವರೆಗೆ ಐಫೆಲ್ ಗೋಪುರದ ಮೇಲೆ ತನ್ನ ಹೆಸರನ್ನು ದೀಪಗಳಲ್ಲಿ ಬರೆಸಿದ್ದ. 1934ರಲ್ಲಿ ಮುಂದಿನ ಚಕ್ರಗಳೇ ಎಳೆಯುವ, ಚಾಸಿಯೂ ಮೈಯೂ ಒಂದೇ ಆಗಿರುವ 'ತ್ರಾಕ್ಸಿಯೊಂ ಆವಾಂ' ಎಂಬ ಕಾರು ತಂದ. ಇಂದು ನಿಮ್ಮ ಕಟ್ಟಡದ ಕೆಳಗೆ ನಿಂತಿರುವ ಕಾರುಗಳಲ್ಲಿ ಬಹುಪಾಲು ಈ ಕ್ರಮದಲ್ಲೇ ಇವೆ. ಆದರೆ ಅವಸರದಲ್ಲಿ ಹೊರಬಂದ ಮೊದಲ ಗಾಡಿಗಳಲ್ಲಿ ತೊಂದರೆಯೋ ತೊಂದರೆ. ಸಾಲ ತೀರಿಸಲಾಗದೆ ಅದೇ ವರ್ಷದ ಕೊನೆಗೆ ಕಂಪನಿ ದಿವಾಳಿಯಾಗಿ ಟೈರಿನ ಮಿಷಲಿನ್‌ನವರ ಕೈಗೆ ಹೋಯಿತು. 1935ರ ಜುಲೈಯಲ್ಲಿ ಆತ ತೀರಿಕೊಂಡ. ಕಾರು ಮಾತ್ರ ಸುಧಾರಿಸಿಕೊಂಡು 1957ರವರೆಗೆ ಮಾರಾಟವಾಯಿತು.

ಅದೇ ಕಂಪನಿಯ ಇನ್ನೊಂದು ಗಾಡಿ ನನಗೆ ಬಹಳ ಮೆಚ್ಚುಗೆಯಾದದ್ದು, ಡ್ಯೂ ಶೆವೊ. ಎರಡು ಕುದುರೆ ಎಂದು ಅರ್ಥ. ತೆರಿಗೆ ಲೆಕ್ಕದಲ್ಲಿ ಎರಡು ಕುದುರೆಯ ಬಲ. ಫ್ರಾನ್ಸಿನಲ್ಲಿ ಈ ಲೆಕ್ಕದ ಮೇಲೆ ತೆರಿಗೆ ಇದ್ದುದರಿಂದಲೇ ಅವರ ಇಂಜಿನ್ನುಗಳು ಚಿಕ್ಕವು. ಇಬ್ಬರು ರೈತರು, 50 ಕಿಲೊ ಆಲೂಗೆಡ್ಡೆ, ಗಂಟೆಗೆ 60 ಕಿಲೋಮೀಟರ್ ವೇಗ, 100 ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲು, ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು. ಇದು ಕಂಪನಿಯ ಮುಖ್ಯಸ್ಥ ಪಿಯೆರ್ ಬುಲಾಂಜೆ ತನ್ನ ಎಂಜಿನಿಯರುಗಳಿಗೆ ಕೊಟ್ಟ ಕೆಲಸ. ಅಷ್ಟರಲ್ಲಿ ಯುದ್ಧ ಬಂತು. ಜರ್ಮನರ ಕೈಗೆ ಸಿಗಬಾರದೆಂದು ತಯಾರಾಗಿದ್ದ ಮಾದರಿ ಗಾಡಿಗಳನ್ನು ನಾಶ ಮಾಡಿದರು, ಕೆಲವನ್ನು ಬಚ್ಚಿಟ್ಟರು. 1948ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾರು ಕಂಡಾಗ ಪತ್ರಿಕೆಯವರು ನಕ್ಕರು. 375 ಸಿಸಿಯ ಇಂಜಿನ್ನು, ಕ್ಯಾನ್ವಾಸಿನ ಮಾಡು, ಎತ್ತಿ ಹೊರಗಿಟ್ಟು ಕೂರಬಹುದಾದ ಸೀಟು! ನಕ್ಕವರು ನಗಲಿ, ಕೊಳ್ಳುವವರ ಸಾಲು ವರ್ಷಗಟ್ಟಲೆ ಬೆಳೆಯಿತು. ನಮ್ಮಲ್ಲಿ ಹಿಂದೆ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ಕಾಯುತ್ತಿದ್ದಂತೆ. ಆ ಇಂಜಿನ್ನಿಗೆ ಗಾಳಿಯೇ ತಂಪು, ಆದ್ದರಿಂದ ರೇಡಿಯೇಟರಿನ ನೀರು ಕುದಿಯುವ ಗೋಜಿಲ್ಲ. ಹಳ್ಳಿಯ ಕಮ್ಮಾರನೂ ಬಿಚ್ಚಿ ಜೋಡಿಸಬಲ್ಲ ಸರಳ ಯಂತ್ರ. 1990ರಲ್ಲಿ ನಿಲ್ಲುವ ಹೊತ್ತಿಗೆ 38 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾಗಿದ್ದವು. 'ಫ್ರೆಂಚ್ ಗಾಡಿ ಬಾಳಿಕೆ ಬರೋದಿಲ್ಲ' ಎನ್ನುವವರಿಗೆ ಈ ಒಂದು ಲೆಕ್ಕ ಸಾಕು.

ಅದರ ನೇರ ವಿರುದ್ಧ ಡಿ.ಎಸ್. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಪರದೆ ಸರಿಸಿದ ಕಾಲು ಗಂಟೆಯಲ್ಲಿ 743 ಜನ, ಸಂಜೆಯೊಳಗೆ ಸುಮಾರು 12,000 ಜನ ಮುಂಗಡ ಕೊಟ್ಟರಂತೆ. ಎರಡು ಅಕ್ಷರ ಸೇರಿಸಿ ಹೇಳಿದರೆ ಫ್ರೆಂಚಿನಲ್ಲಿ 'ದೇವಿ' ಎಂದಾಗುತ್ತದೆ. ಆ ದೇವಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೂ ಒಂದು ಲೋಹದ ಗುಂಡು, ಒಳಗೆ ರಬ್ಬರಿನ ಪೊರೆ, ಪೊರೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಒತ್ತಡದ ದ್ರವ. ಬ್ರೇಕು, ಸ್ಟಿಯರಿಂಗು, ಗೇರು ಎಲ್ಲಕ್ಕೂ ಅದೇ ದ್ರವ. ನಿಲ್ಲಿಸಿದಾಗ ಕಾರು ನೆಲಕ್ಕೆ ಕುಕ್ಕರಿಸುತ್ತದೆ, ಚಾಲೂ ಮಾಡಿದರೆ ಹಸು ಎದ್ದ ಹಾಗೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ಏಳುತ್ತದೆ. 1962ರ ಆಗಸ್ಟಿನಲ್ಲಿ ಅಧ್ಯಕ್ಷ ದ ಗಾಲ್ ಅವರ ಮೇಲೆ ಗುಂಡಿನ ಮಳೆಗರೆದಾಗ ಟೈರುಗಳು ಒಡೆದಿದ್ದರೂ ಡಿ.ಎಸ್. ಅವರನ್ನು ಹೊತ್ತು ಪಾರಾಯಿತು.

ಆದರೆ ಮೊದಲ ವರ್ಷಗಳಲ್ಲಿ ಗ್ಯಾರೇಜಿನವರ ಪಾಡು ಕೇಳಬೇಡಿ. ಸ್ಪ್ಯಾನರ್, ಸುತ್ತಿಗೆ ಕಲಿತವನ ಮುಂದೆ ಕೊಳಾಯಿಗಳ ಜಾಲ ಹರಡಿದರೆ ಏನು ಮಾಡಬೇಕು? ಹಳೆಯ ಕೆಂಪು ದ್ರವ ಗಾಳಿಯ ತೇವ ಹೀರಿಕೊಂಡು ಒಳಗೇ ತುಕ್ಕು ಹಿಡಿಸುತ್ತಿತ್ತು. ಹತ್ತು ವರ್ಷ ಕಳೆದು, 1966ರ ಸುಮಾರಿಗೆ, ಹಸಿರು ಖನಿಜ ತೈಲ ಬಂದ ಮೇಲೆ ಆ ಕಾಟ ತಗ್ಗಿತು. ಅಷ್ಟರಲ್ಲಿ 'ಜಟಿಲ ಗಾಡಿ' ಎಂಬ ಹೆಸರು ಊರೆಲ್ಲ ಹರಡಿತ್ತು. ತಮಾಷೆ ಏನೆಂದರೆ, ಬ್ರೇಕಿಗೂ ಮೈಯನ್ನು ಸಮಮಟ್ಟದಲ್ಲಿ ಇಡಲೂ ಇದೇ ತಂತ್ರವನ್ನು ಸಿಟ್ರೊಯೆನ್‌ನಿಂದ ಪಡೆದು 1965ರಲ್ಲಿ ತನ್ನ ಸಿಲ್ವರ್ ಶ್ಯಾಡೊಗೆ ಹಾಕಿಕೊಂಡದ್ದು ರೋಲ್ಸ್ ರಾಯ್ಸ್. ಅಲ್ಲಿ ಅದು ಜಟಿಲವಲ್ಲ, ರಾಜವೈಭೋಗ! ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುವುದು ಇದಕ್ಕೇ ಇರಬೇಕು.

ಹೆಸರು ಎಂಬುದು ಊರಿನಿಂದ ಊರಿಗೆ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಎರಡು ಖಂಡಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಅಮೆರಿಕದಲ್ಲಿ 1950ರ ದಶಕದ ಕೊನೆಗೆ ರೆನೊದ ದೊಫಿನ್ ಎಂಬ ಪುಟ್ಟ ಕಾರು ಚೆನ್ನಾಗಿ ಮಾರಾಟವಾಯಿತು. ಫ್ರಾನ್ಸಿನಲ್ಲಿ ಆರಾಮಾಗಿ ಓಡುವ 845 ಸಿಸಿ ಇಂಜಿನ್ನು ಅದರದು. ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ವೇಗ ಮುಟ್ಟಲು ಅದಕ್ಕೆ ಅರ್ಧ ನಿಮಿಷ ಬೇಕು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ತಗಡು ತುಕ್ಕು ಹಿಡಿಯಿತು, ರಿಪೇರಿಯವರು ದೂರ ದೂರ. ಕೆಲವೇ ವರ್ಷಗಳಲ್ಲಿ ಅದು ನಗೆಪಾಟಲಿನ ವಸ್ತುವಾಯಿತು. 1987ರಲ್ಲಿ ರೆನೊ, 1991ರಲ್ಲಿ ಪ್ಯೂಜೊ ಅಮೆರಿಕ ಬಿಟ್ಟವು. ಇಂಗ್ಲಿಷಿನಲ್ಲಿ ಬರುವ ಕಾರಿನ ಬರವಣಿಗೆಯಲ್ಲಿ ದೊಡ್ಡ ಪಾಲು ಅಮೆರಿಕದ್ದು ಮತ್ತು ಬ್ರಿಟನ್ನಿನದು. ನಮ್ಮ 'ಎಲ್ಲರೂ ಹೇಳುತ್ತಾರೆ' ಎಂಬುದರ ಬೇರು ಎಲ್ಲಿದೆ ಎಂದು ಆಗ ನನಗೆ ಹೊಳೆಯಿತು. ಇಂಗ್ಲಿಷ್ ಓದಿದವರಿಗೆ ಇಂಗ್ಲಿಷಿನವರ ಪೂರ್ವಗ್ರಹವೂ ಉಚಿತವಾಗಿ ಸಿಗುತ್ತದೆ.

ಈಗ ಆಫ್ರಿಕಕ್ಕೆ ಬನ್ನಿ. ಪೂರ್ವ ಆಫ್ರಿಕದ ಸಫಾರಿ ರ್‍ಯಾಲಿ ಎಂದರೆ ಕೆಸರು, ಧೂಳು, ಕಲ್ಲು. ಪ್ಯೂಜೊ 404 ಅದನ್ನು 1963, 1966, 1967, 1968ರಲ್ಲಿ ಗೆದ್ದಿತು. 504 ಎಂಬುದು 1975 ಮತ್ತು 1978ರಲ್ಲಿ. ಈ 504 ಯುರೋಪಿನಲ್ಲಿ 1969ರ 'ವರ್ಷದ ಕಾರು' ಎನಿಸಿಕೊಂಡದ್ದು. ನೈಜೀರಿಯದ ಕಡೂನದಲ್ಲಿ ಅದಕ್ಕೆ ಕಾರ್ಖಾನೆಯೇ ಬಂತು, ಫ್ರಾನ್ಸಿನಲ್ಲಿ ನಿಂತ ಎಷ್ಟೋ ವರ್ಷಗಳ ನಂತರವೂ ಅಲ್ಲಿ ತಯಾರಾಯಿತು. ಮೂರು ಸಾಲು ಸೀಟಿನ ಉದ್ದ ಗಾಡಿಯಲ್ಲಿ ಎಂಟೊಂಬತ್ತು ಜನ, ಮೇಲೆ ಮೂಟೆ, ಕೋಳಿ, ಹಾಸಿಗೆ. ರಸ್ತೆಯ ರಾಜ ಎಂದೇ ಅದನ್ನು ಕರೆದರು. ಎರಡೂ ಒಂದೇ ದೇಶದ ಗಾಡಿಗಳು. ಅಲ್ಲಿ ರಾಜ, ಇಲ್ಲಿ ಗುಜರಿ. ವ್ಯತ್ಯಾಸ ಗಾಡಿಯಲ್ಲಿಲ್ಲ. ಒರಟು ರಸ್ತೆಗೆಂದೇ ಮಾಡಿದ ಸ್ಪ್ರಿಂಗಿಗೆ ಒರಟು ರಸ್ತೆ ಸಿಕ್ಕಿತು, ಮೂಲೆ ಮೂಲೆಯಲ್ಲಿ ಅದನ್ನು ಬಲ್ಲ ಮಿಸ್ತ್ರಿ ಇದ್ದ, ಸಾಮಾನು ಸಿಗುತ್ತಿತ್ತು. ಅಷ್ಟೆ.

ಹಾಗೆಂದು ಎಲ್ಲವೂ ಅಪವಾದವೇ ಎಂದು ವಕಾಲತ್ತು ಹಾಕಲಾರೆ. 2001ರ ರೆನೊ ಲಗುನ ಯುರೋಪಿನ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಕಾರು. ಕೀಲಿಕೈ ಬದಲು ಜೇಬಿನಲ್ಲಿಡುವ ಕಾರ್ಡು ತಂದದ್ದೂ ಅದೇ. ಆದರೆ ಆ ಎಲೆಕ್ಟ್ರಾನಿಕ್ ಸಾಮಾನುಗಳೇ ಕೈಕೊಟ್ಟು ಕೊಂಡವರು ರೋಸಿಹೋದರು. ಪ್ರಾಣ ಉಳಿಸುವ ಗಾಡಿ, ತಲೆ ತಿನ್ನುವ ಗಾಡಿ, ಎರಡೂ ಒಂದೇ! ಪ್ಯೂಜೊ ಸಿಟ್ರೊಯೆನ್‌ನವರ 1.2 ಲೀಟರಿನ ಪ್ಯೂರ್‌ಟೆಕ್ ಇಂಜಿನ್ನು 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ತನ್ನ ವರ್ಗದಲ್ಲಿ ಅಂತರರಾಷ್ಟ್ರೀಯ ಬಹುಮಾನ ಗೆದ್ದಿತು. ಅದರ ಟೈಮಿಂಗ್ ಬೆಲ್ಟ್ ಇಂಜಿನ್ ಆಯಿಲಿನಲ್ಲೇ ಮುಳುಗಿ ತಿರುಗುತ್ತದೆ. ಬರಬರುತ್ತಾ ಬೆಲ್ಟ್ ಸವೆದು, ಅದರ ಚೂರು ಆಯಿಲಿನ ಜರಡಿಗೆ ಸಿಕ್ಕಿಕೊಂಡು, ಹಲವು ಇಂಜಿನ್ನುಗಳೇ ಹಾಳಾದವು. ಕೊನೆಗೆ 2024ರಲ್ಲಿ ಕಂಪನಿಯು ಯುರೋಪಿನಲ್ಲಿ ಹತ್ತು ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ಹೊಣೆ ಹೊರಬೇಕಾಯಿತು. ಬಹುಮಾನ ಕೊಡುವವರು ಹೊಸ ಇಂಜಿನ್ನು ನೋಡುತ್ತಾರೆ. ನಾವು ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವವರು. ಯಾವುದೇ ದೇಶದ ಗಾಡಿ ನೋಡಲು ಹೋದರೂ ಬೆಲ್ಟೋ ಚೈನೋ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಮೊದಲು ಕೇಳಿ. ಸೇಲ್ಸ್‌ನ ಹುಡುಗ ತಡವರಿಸಿದರೆ ಒಳಗಿನ ಮಿಸ್ತ್ರಿಯನ್ನೇ ಕರೆಸಿ.

ನಮ್ಮ ದೇಶದ ಕಥೆ ಇದಕ್ಕಿಂತ ಬೇರೆ. ನನ್ನ ತವರು ಕೊಪ್ಪದ ಕಡೆ. ನಾನು ಕಾಲೇಜಿಗೆ ಹೋಗುವ ಕಾಲದಲ್ಲಿ ಕಾಫಿ ತೋಟದ ಏರುದಾರಿ ಹತ್ತುತ್ತಿದ್ದ ಜೀಪುಗಳನ್ನು ಡ್ರೈವರುಗಳು 'ಪೀಜೋ ಇಂಜಿನ್ ಗಾಡಿ' ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದು ಫ್ರೆಂಚ್ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಹೀಂದ್ರದವರು ಪ್ಯೂಜೊದ ಡೀಸೆಲ್ ಇಂಜಿನ್ನನ್ನು ಪರವಾನಗಿ ಪಡೆದು ಇಲ್ಲಿಯೇ ತಯಾರಿಸಿ ತಮ್ಮ ಜೀಪುಗಳಿಗೆ ಹಾಕುತ್ತಿದ್ದರು. ಸ್ಪೇರ್ ಪಾರ್ಟ್ಸ್ ಸಿಗೋದಿಲ್ಲ ಎಂದು ಫೋನಿನಲ್ಲಿ ಹೇಳಿದ ನನ್ನ ಅಣ್ಣ ಇಂಥದೇ ಜೀಪಿನಲ್ಲಿ ಡ್ರೈವಿಂಗ್ ಕಲಿತವನು!

ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಇನ್ನೊಂದು ಪ್ಯೂಜೊ ಕಂಡೆ. ಇಲ್ಲೇ ಕಲ್ಯಾಣದ ಕಡೆಯ ಪ್ರೀಮಿಯರ್ ಕಾರ್ಖಾನೆಯಲ್ಲಿ 1990ರ ದಶಕದ ನಡುವೆ ಪ್ಯೂಜೊ 309 ತಯಾರಾಗುತ್ತಿತ್ತು. ನಮ್ಮ ಸೊಸೈಟಿಗೆ ಮೊದಲ ಗಾಡಿ ಬಂದಾಗ ಎಲ್ಲ ಮಾಳಿಗೆಯವರೂ ಕೆಳಗಿಳಿದು ಸುತ್ತ ನಿಂತೆವು. ಪದ್ಮಿನಿಯ ಸೀಟಿಗೆ ಒಗ್ಗಿದ ಬೆನ್ನಿಗೆ ಅದರ ಸೀಟು ಸೋಫಾದಂತಿತ್ತು. ಯುರೋಪಿನಲ್ಲಿ 1993ರಲ್ಲೇ ನಿಂತುಹೋಗಿದ್ದ ಮಾದರಿ ಅದು ಎಂಬುದು ನಮಗೇನು ಗೊತ್ತು? ಕಾರ್ಮಿಕರ ತಕರಾರು, ಪಾಲುದಾರರ ಮನಸ್ತಾಪ ಎಲ್ಲ ಸೇರಿ ದಶಕ ಮುಗಿಯುವ ಮೊದಲೇ ವ್ಯವಹಾರ ಮುಗಿಯಿತು. ಕೊಂಡವರು ನಡುದಾರಿಯಲ್ಲಿ ಉಳಿದರು. ನಮ್ಮವರ ಭಯದ ಮೂಲ ಇದು, ಮತ್ತು ಈ ಭಯವನ್ನು ನಾನು ತಳ್ಳಿಹಾಕಲಾರೆ. ಆದರೆ ಅದೇ ಜಾತಿಯ ಪ್ಯೂಜೊ 1.5 ಡೀಸೆಲ್ ಇಂಜಿನ್ನನ್ನು ಹಾಕಿ ಮಾರುತಿಯವರು ಡೀಸೆಲ್ ಝೆನ್, ಡೀಸೆಲ್ ಎಸ್ಟೀಮ್ ಮಾರಿದಾಗ ಯಾರೂ 'ಫ್ರೆಂಚ್, ಬೇಡ' ಎನ್ನಲಿಲ್ಲ. ಮುಂದೆ ರೆನೊದ 1.5 ಲೀಟರ್ ಡೀಸೆಲ್ಲು ಲೋಗನ್, ಡಸ್ಟರ್, ನಿಸಾನ್ ಗಾಡಿಗಳಲ್ಲದೆ ಮರ್ಸಿಡಿಸ್‌ನ ಚಿಕ್ಕ ಕಾರುಗಳಲ್ಲೂ ಕೂತಿತು.

ಇನ್ನು ನನಗೆ ನಿಜವಾಗಿ ಸಿಟ್ಟು ಬಂದ ಸಂಗತಿ. 2015ರಲ್ಲಿ ರೆನೊ ಕ್ವಿಡ್ ಮೂರು ಲಕ್ಷದೊಳಗಿನ ಬೆಲೆಗೆ ಬಂದು ಜನಪ್ರಿಯವಾಯಿತು. 2016ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಸೊನ್ನೆ ನಕ್ಷತ್ರ. ಮರುವರ್ಷ ಬ್ರೆಜಿಲ್‌ನಲ್ಲಿ ಅದೇ ಹೆಸರಿನ, ಅದೇ ಮುಖದ ಗಾಡಿ ಮೈಯನ್ನು ಗಟ್ಟಿ ಮಾಡಿಸಿಕೊಂಡು, ನಾಲ್ಕು ಏರ್‌ಬ್ಯಾಗ್ ಹೊತ್ತು, ಅಲ್ಲಿನ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಪಡೆಯಿತು. ಮಾಡಲು ಬರುವುದಿಲ್ಲ ಎಂದಲ್ಲ. ನಮಗೆ ಇಷ್ಟು ಸಾಕು ಎಂದು ಲೆಕ್ಕ! ಆಮೇಲೆ 2021ರಲ್ಲಿ ಅದೇ ಕಂಪನಿಯ ಟ್ರೈಬರ್ ದೊಡ್ಡವರ ಸುರಕ್ಷತೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಸಿಟ್ರೊಯೆನ್‌ನ ಕಥೆಯೂ ಹೀಗೆಯೇ: ವಿದ್ಯುತ್ ಇಸಿ3ಗೆ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಸೊನ್ನೆ, ಅದೇ ವರ್ಷ ಬಸಾಲ್ಟ್‌ಗೆ ಭಾರತ್ ಎನ್‌ಕ್ಯಾಪ್‌ನಲ್ಲಿ ನಾಲ್ಕು. ಹೀಗಿರುವಾಗ 'ಫ್ರೆಂಚ್ ಗಾಡಿ ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಗೆ ಏನರ್ಥ? ಯಾವ ಗಾಡಿ, ಯಾವ ವರ್ಷದ್ದು, ಯಾವ ದೇಶಕ್ಕೆ ಮಾಡಿದ್ದು ಎಂದು ಕೇಳಬೇಕು.

ಹಾಗಾಗಿ ಮಗಳಿಗೆ ನಾನು ಹೇಳಿದ್ದು ಇಷ್ಟು: ಷೋರೂಮಿಗೆ ಹೋಗುವ ಮೊದಲು ಸರ್ವಿಸ್ ಸೆಂಟರಿಗೆ ಹೋಗೋಣ. ಹೋದ ತಿಂಗಳು ಪುಣೆಯಲ್ಲಿ ಒಂದು ಬೆಳಿಗ್ಗೆ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ಗಂಟೆ ಕೂತು, ಗಾಡಿ ಬಿಟ್ಟು ಕಾಯುತ್ತಿದ್ದವರನ್ನು ಮಾತಿಗೆಳೆದೆ. ಮಗಳಿಗೆ ನಾಚಿಕೆಯೋ ನಾಚಿಕೆ. ಶಾಲೆಯ ಟೀಚರೊಬ್ಬರು ಎಂಬತ್ತು ಸಾವಿರ ಕಿಲೋಮೀಟರ್ ಓಡಿಸಿದ್ದರು, ಬೆನ್ನುನೋವು ಇಲ್ಲವೆಂದು ಹೊಗಳಿದರು. ಇನ್ನೊಬ್ಬರು ಗುದ್ದಿದ ಹೆಡ್‌ಲೈಟಿಗೆ ಮೂರು ವಾರ ಕಾದ ಸಿಟ್ಟಿನಲ್ಲಿದ್ದರು. ಮೂರನೆಯವರು ಸರ್ವಿಸ್ ಬಿಲ್ಲನ್ನೇ ಕೈಗಿತ್ತರು. ಎಲ್ಲವನ್ನೂ ಬರೆದುಕೊಂಡು ಬಂದು, ಆ ಗಾಡಿಯ ಭಾರತದ ಮಾದರಿಯ ಅಪಘಾತ ಪರೀಕ್ಷೆಯ ವರದಿಯ ಜೊತೆಗೆ ನಮ್ಮವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಸರ್ವಿಸ್ ಸೆಂಟರ್ ಇವಳ ರೂಮಿನಿಂದ ಎಷ್ಟು ದೂರ?"

"ಆರು ಕಿಲೋಮೀಟರ್ ಅಪ್ಪ."

"ಹೆಡ್‌ಲೈಟಿಗೆ ಮೂರು ವಾರ ಅಂದರೆ ಜಾಸ್ತಿಯಾಯ್ತು. ಇರಲಿ. ಟೆಸ್ಟ್ ಡ್ರೈವ್‌ಗೆ ನಾನೂ ಬರ್ತೀನಿ."

ಮುಂದಿನ ಭಾನುವಾರ ಹೋದೆವು. ಅವರು ಮುಂದೆ, ನಾನು ಹಿಂದೆ, ಮಗಳಿಗೆಂದು ಮನೆಯಿಂದ ತಂದ ಮೊಸರಿನ ಡಬ್ಬಿ ನನ್ನ ತೊಡೆಯ ಮೇಲೆ. ಪುಣೆಯ ಸ್ಪೀಡ್ ಬ್ರೇಕರುಗಳು ನಿಮಗೆ ಗೊತ್ತೇ ಇವೆ. "ಅಮ್ಮಾ, ಮೊಟ್ಟೆ ಬುಟ್ಟಿ ಹೇಗಿದೆ?" ಎಂದು ಅವಳು ಕನ್ನಡಿಯಲ್ಲಿ ನೋಡಿ ನಕ್ಕಳು. ಮೊಸರು ಚೆಲ್ಲಿರಲಿಲ್ಲ. ಸ್ವಲ್ಪ ಅಲುಗಿತ್ತು, ಅಷ್ಟೆ.